ಕಚ್ಚಲೋ, ಬಿಡಲೋ: ಹವಳದ ದಿಬ್ಬದ ಕ್ಲೀನರ್ ಮೀನಿನ ಲೆಕ್ಕಾಚಾರ

ಮೀನಿಗೆ ಕೈಯಿಲ್ಲ. ಕಿವಿರಿನ ಸಂದಿಯಲ್ಲಿ ರಕ್ತ ಹೀರುವ ಹುಳ ಕೂತರೆ ಅದನ್ನು ಕಿತ್ತು ಬಿಸಾಡುವ ದಾರಿಯೂ ಇಲ್ಲ. ಹೆಚ್ಚೆಂದರೆ ಮರಳಿಗೋ ಬಂಡೆಗೋ ಮೈ ಉಜ್ಜಬಹುದು. ಆಗ ಹೊರಮೈಯ ಒಂದೆರಡು ಹುಳ ಉದುರೀತು. ಬಾಯಿಯ ಒಳಗಿನದ್ದು, ಕಿವಿರಿನ ಒಳಗಿನದ್ದು ಹಾಗೇ ಕೂತಿರುತ್ತದೆ. ಹವಳದ ದಿಬ್ಬಗಳಲ್ಲಿ ಈ ಕಾಟ ಬಹಳ. ಅಲ್ಲಿ ನ್ಯಾಥಿಡ್ ಎಂಬ ಪುಟ್ಟ ಜೀವಿಗಳಿವೆ. ಸೀಗಡಿ, ಏಡಿಗಳ ದೂರದ ಸಂಬಂಧಿಗಳು ಅವು. ಉದ್ದ ಕೆಲವೇ ಮಿಲಿಮೀಟರ್. ಮರಿಯಾಗಿರುವಾಗ ಮೀನಿನ ರಕ್ತ ಕುಡಿದೇ ಬೆಳೆಯುತ್ತವೆ. ಹೊಟ್ಟೆ ತುಂಬಿದ ಮೇಲೆ ಉದುರಿ ದಿಬ್ಬದ ಸಂದಿ ಸೇರುತ್ತವೆ, ಹಸಿವಾದಾಗ ಮತ್ತೆ ಹತ್ತಿಕೊಳ್ಳುತ್ತವೆ.

ಇದಕ್ಕೆ ಪರಿಹಾರ ಇರುವುದು ಒಂದು ಬೆರಳುದ್ದದ ಮೀನಿನ ಹತ್ತಿರ. ಬ್ಲೂಸ್ಟ್ರೀಕ್ ಕ್ಲೀನರ್ ರಾಸ್ ಎಂದು ಅದರ ಹೆಸರು. ವಿಜ್ಞಾನಿಗಳು ಲ್ಯಾಬ್ರೊಯಿಡಿಸ್ ಡಿಮಿಡಿಯೇಟಸ್ ಎನ್ನುತ್ತಾರೆ. ಇಲ್ಲಿ ಸುಮ್ನೆ ಕ್ಲೀನರ್ ಮೀನು ಎಂದು ಕರೆಯುತ್ತೇನೆ. ಕೆಂಪು ಸಮುದ್ರ ಮತ್ತು ಆಫ್ರಿಕಾದ ಪೂರ್ವ ಕರಾವಳಿಯಿಂದ ಹಿಡಿದು ಪೆಸಿಫಿಕ್ ಸಾಗರದ ನಡುವಿನ ದ್ವೀಪಗಳವರೆಗೆ ಇದು ಕಾಣಸಿಗುತ್ತದೆ. ಬೇರೆ ಮೀನುಗಳ ಮೈಮೇಲಿನ ಹುಳ ಹೆಕ್ಕಿ ತಿನ್ನುವುದೇ ಇದರ ಬದುಕು. ಪಠ್ಯಪುಸ್ತಕಗಳು ಇದನ್ನು ಸಹಜೀವನಕ್ಕೆ ಉದಾಹರಣೆಯಾಗಿ ಕೊಟ್ಟು ಎರಡು ಸಾಲಿನಲ್ಲಿ ಮುಗಿಸುತ್ತವೆ. ಒಂದಕ್ಕೆ ಊಟ, ಇನ್ನೊಂದಕ್ಕೆ ಆರೋಗ್ಯ, ಇಬ್ಬರಿಗೂ ಲಾಭ.

ಆ ಮಾತು ಸುಳ್ಳಲ್ಲ. ಆದರೆ ಮುಖ್ಯ ಸಂಗತಿಯೇ ಅದರಲ್ಲಿ ಬಿಟ್ಟುಹೋಗಿದೆ. ಕ್ಲೀನರ್ ಮೀನಿಗೆ ನಿಜವಾಗಿ ಇಷ್ಟವಾದ ತಿನಿಸು ಹುಳ ಅಲ್ಲ. ಅದಕ್ಕೆ ಬೇಕಿರುವುದು ಎದುರಿಗಿರುವ ಮೀನಿನ ಮೈಮೇಲಿನ ಲೋಳೆ. ಅಂದರೆ ಪ್ರತಿ ಸಲವೂ ಅದು ತನ್ನ ಆಸೆಯನ್ನು ತಡೆದುಕೊಂಡು ಕೆಲಸ ಮಾಡುತ್ತಿರುತ್ತದೆ. ಯಾಕೆ ತಡೆದುಕೊಳ್ಳುತ್ತದೆ, ಯಾರ ಮುಂದೆ ತಡೆದುಕೊಳ್ಳುತ್ತದೆ, ಯಾರ ಮುಂದೆ ತಡೆದುಕೊಳ್ಳುವುದಿಲ್ಲ ಎನ್ನುವುದೇ ಈ ಮೀನಿನ ನಿಜವಾದ ಕಥೆ.

ನೀಲಿ, ಹಳದಿ, ಕಪ್ಪು

ಮೊದಲು ಮೀನನ್ನು ಹತ್ತಿರದಿಂದ ನೋಡೋಣ. ಬೆಳೆದ ಮೀನು ಸಾಮಾನ್ಯವಾಗಿ 10 ಸೆಂಟಿಮೀಟರ್ ಆಸುಪಾಸು ಇರುತ್ತದೆ. 14 ಸೆಂಟಿಮೀಟರ್ ದಾಟುವುದಿಲ್ಲ. ತೆಳ್ಳಗಿನ ಉದ್ದ ದೇಹ. ಮೂತಿಯ ತುದಿಯಿಂದ ಒಂದು ಕಪ್ಪು ಪಟ್ಟೆ ಶುರುವಾಗಿ ಕಣ್ಣಿನ ಮೇಲೆ ಹಾದು ಬಾಲದ ಕಡೆಗೆ ಹೋಗುತ್ತಾ ಅಗಲವಾಗುತ್ತದೆ. ಪಟ್ಟೆಯ ಮೇಲೆ ಕೆಳಗೆ ದೇಹದ ಮುಂಭಾಗ ತಿಳಿ ಹಳದಿ ಅಥವಾ ಬಿಳಿ, ಹಿಂಭಾಗ ಹೊಳೆಯುವ ನೀಲಿ. ಮರಿಗಳ ವೇಷವೇ ಬೇರೆ. ಮೈಯೆಲ್ಲ ಹೆಚ್ಚುಕಡಿಮೆ ಕಪ್ಪು, ಅದರ ಮೇಲೆ ಎದ್ದು ಕಾಣುವ ಒಂದು ನೀಲಿ ಗೆರೆ.

ಈ ಬಣ್ಣ ಅಂದಕ್ಕಾಗಿ ಬಂದದ್ದಲ್ಲ. ದೊಡ್ಡ ಮೀನುಗಳ ನಡುವೆ ಬದುಕುವ ಪುಟ್ಟ ಮೀನು ಸಾಮಾನ್ಯವಾಗಿ ಕಣ್ಣಿಗೆ ಬೀಳದ ಹಾಗೆ ಇರಬೇಕು. ಇದು ಉಲ್ಟಾ. ಇದು ಕಣ್ಣಿಗೆ ಬೀಳಲೇಬೇಕು. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಮೀನುಗಳ ಕಣ್ಣಿಗೆ ಬಣ್ಣ ಹೇಗೆ ಕಾಣುತ್ತದೆ ಎಂದು ಲೆಕ್ಕ ಹಾಕಿತು. ಹವಳದ ಹಿನ್ನೆಲೆಯಲ್ಲಿ ನೀಲಿ ಎದ್ದು ಕಾಣುತ್ತದೆ, ನೀಲಿ ನೀರಿನ ಹಿನ್ನೆಲೆಯಲ್ಲಿ ಹಳದಿ ಎದ್ದು ಕಾಣುತ್ತದೆ. ಜೊತೆಗೆ ಪಕ್ಕದಲ್ಲೊಂದು ಕಪ್ಪು ಪಟ್ಟೆ. ಕೆರಿಬಿಯನ್ ಸಮುದ್ರದಲ್ಲಿ ಇದೇ ಕೆಲಸ ಮಾಡುವ ಗೋಬಿ ಮೀನುಗಳಿವೆ. ಅವಕ್ಕೂ ಇದಕ್ಕೂ ಹತ್ತಿರದ ನೆಂಟಸ್ತಿಕೆ ಏನೂ ಇಲ್ಲ. ಆದರೂ ಅವು ತೊಟ್ಟಿರುವುದು ಇದೇ ಬಗೆಯ ಬಣ್ಣ, ಇದೇ ಬಗೆಯ ಪಟ್ಟೆ. ಕಚ್ಚಬೇಡ, ನಾನು ಕೆಲಸದವನು ಎನ್ನುವ ಬೋರ್ಡು ಇದ್ದ ಹಾಗೆ.

ಬೋರ್ಡು ಎಂದ ಮೇಲೆ ಅಂಗಡಿಯೂ ಬೇಕಲ್ವಾ? ಅದೂ ಇದೆ. ಕ್ಲೀನರ್ ಮೀನು ಸುಮ್ಮನೆ ಅಲೆಯುವುದಿಲ್ಲ. ಒಂದು ಹವಳದ ಗುಡ್ಡೆಯನ್ನೋ, ಬಂಡೆಯ ಮೂಲೆಯನ್ನೋ ಆರಿಸಿಕೊಂಡು ದಿನವಿಡೀ ಅಲ್ಲೇ ಇರುತ್ತದೆ. ಮೈ ಸ್ವಚ್ಛ ಮಾಡಿಸಿಕೊಳ್ಳಬೇಕಾದ ಮೀನುಗಳು ಅಲ್ಲಿಗೇ ಬರುತ್ತವೆ. ಅವನ್ನು ಗಿರಾಕಿಗಳು ಎನ್ನೋಣ. ಸಂಶೋಧಕರು ಬಳಸುವುದೂ ಅದೇ ಮಾತು.

ಗಿರಾಕಿ ಬಂದಾಗ ನಡೆಯುವುದನ್ನು ನೋಡಲು ಚೆಂದ. ಕ್ಲೀನರ್ ಮೀನು ಮೊದಲು ಬಾಲದ ಭಾಗವನ್ನು ಮೇಲೆ ಕೆಳಗೆ ಆಡಿಸುತ್ತಾ ಕುಣಿದ ಹಾಗೆ ಈಜುತ್ತದೆ. ಗಿರಾಕಿ ಮೀನು ಈಜು ನಿಲ್ಲಿಸಿ, ರೆಕ್ಕೆ ಬಿಚ್ಚಿ, ಒಂದು ಭಂಗಿಯಲ್ಲಿ ನಿಲ್ಲುತ್ತದೆ. ಕೆಲವು ತಲೆ ಮೇಲೆತ್ತಿ ನೆಟ್ಟಗೆ ನಿಲ್ಲುತ್ತವೆ, ಕೆಲವು ತಲೆಕೆಳಗಾಗಿ. ಗೋಟ್‌ಫಿಷ್ ಎಂಬ ಮೀಸೆ ಮೀನು ಮೈಬಣ್ಣವನ್ನೇ ಕೆಂಪಗೆ ಮಾಡಿಕೊಳ್ಳುತ್ತದೆ. ಇನ್ನು ಗ್ರೂಪರ್ ಬಂದರಂತೂ ನೋಡುವವರ ಎದೆ ಧಸಕ್ಕೆನ್ನುತ್ತದೆ. ಇಂಥ ಬೆರಳುದ್ದದ ಮೀನುಗಳನ್ನು ಒಂದೇ ಗುಟುಕಿಗೆ ನುಂಗುವ ಮೀನು ಅದು. ಅದು ಬಾಯಿ ಅಗಲಿಸಿ, ಕಿವಿರಿನ ಮುಚ್ಚಳ ಎತ್ತಿ, ಅಲ್ಲಾಡದೆ ನಿಲ್ಲುತ್ತದೆ. ಕ್ಲೀನರ್ ಮೀನು ಆ ಬಾಯಿಯ ಒಳಗೆ ಹೋಗಿ ಹಲ್ಲುಗಳ ನಡುವೆ ಹುಡುಕಿ, ಕಿವಿರಿನ ಸಂದಿಯಿಂದ ಹೊರಗೆ ಬರುತ್ತದೆ. ಗ್ರೂಪರ್‌ಗೆ ಸಾಕೆನಿಸಿದಾಗ ಬಾಯನ್ನು ಅರ್ಧ ಮುಚ್ಚಿ ಮತ್ತೆ ತೆರೆಯುತ್ತದೆ, ಅಥವಾ ಮೈ ಒಮ್ಮೆ ಅದುರಿಸುತ್ತದೆ. ಒಳಗಿರುವ ಮೀನಿಗೆ ಅದು ಹೊರಡು ಎನ್ನುವ ಸೂಚನೆ.

ಈ ಅಂಗಡಿಯ ವ್ಯಾಪಾರ ಎಷ್ಟು ಎಂದು ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿರುವ ಲಿಜರ್ಡ್ ದ್ವೀಪದಲ್ಲಿ ಲೆಕ್ಕ ಹಾಕಿದ್ದಾರೆ. ಅಲೆಕ್ಸಾಂಡ್ರಾ ಗ್ರಟರ್ ಎಂಬ ಸಂಶೋಧಕಿ ದಶಕಗಳಿಂದ ಈ ಮೀನಿನ ಹಿಂದೆ ಬಿದ್ದವರು. 1990ರ ದಶಕದ ಅವರ ಲೆಕ್ಕದ ಪ್ರಕಾರ ಒಂದು ಕ್ಲೀನರ್ ಮೀನು ದಿನಕ್ಕೆ ಸರಾಸರಿ 2,297 ಸಲ ಗಿರಾಕಿಗಳ ಮೈ ತಪಾಸಣೆ ಮಾಡುತ್ತದೆ, 1,218 ಹುಳ ತಿನ್ನುತ್ತದೆ. ಇದರಿಂದ ಗಿರಾಕಿಗೆ ನಿಜವಾಗಿಯೂ ಉಪಯೋಗ ಇದೆಯೇ ಎಂಬ ಪ್ರಶ್ನೆಗೂ ಅವರೇ 1999ರಲ್ಲಿ ಉತ್ತರ ಕೊಟ್ಟರು. ಕ್ಲೀನರ್ ಮೀನು ಇರುವ ದಿಬ್ಬಗಳಲ್ಲಿ ಮತ್ತು ಇಲ್ಲದ ದಿಬ್ಬಗಳಲ್ಲಿ ಒಂದೇ ಜಾತಿಯ ಮೀನುಗಳನ್ನು ಬಲೆಪಂಜರದಲ್ಲಿ ಇಟ್ಟು ನೋಡಿದರು. 12 ಗಂಟೆಗಳಲ್ಲೇ ವ್ಯತ್ಯಾಸ ಕಂಡಿತು. ಕ್ಲೀನರ್ ಮೀನು ಇದ್ದ ಕಡೆ ನ್ಯಾಥಿಡ್‌ಗಳ ಸಂಖ್ಯೆ 4.5 ಪಟ್ಟು ಕಡಿಮೆ ಇತ್ತು.

ಇಷ್ಟೇ ಆಗಿದ್ದರೆ ಪಠ್ಯಪುಸ್ತಕದ ಎರಡು ಸಾಲು ಸಾಕಾಗುತ್ತಿತ್ತು.

ಲೋಳೆಯ ಆಸೆ

ಮೀನಿನ ಮೈಮೇಲೆ ಒಂದು ತೆಳು ಲೋಳೆಯ ಪದರ ಇರುತ್ತದೆ. ಮೀನು ಹಿಡಿದವರಿಗೆ ಆ ಜಾರಿಕೆ ಗೊತ್ತು. ರೋಗಾಣುಗಳು ಒಳಗೆ ಬರದಂತೆ ತಡೆಯುವುದು ಈ ಪದರ. ಅದರಲ್ಲಿ ಪೌಷ್ಟಿಕಾಂಶವೂ ಇದೆ. ಹುಳ ಹುಡುಕಬೇಕು, ಲೋಳೆ ಹುಡುಕಬೇಕಿಲ್ಲ, ಮೈತುಂಬ ಇದೆ. 2003ರಲ್ಲಿ ಗ್ರಟರ್ ಮತ್ತು ಇನ್ನೊಬ್ಬ ಸಂಶೋಧಕ ರೆಡುವಾನ್ ಬ್ಶಾರಿ ಇಬ್ಬರೂ ಸೇರಿ ಕ್ಲೀನರ್ ಮೀನಿನ ಮುಂದೆ ಎರಡನ್ನೂ ಇಟ್ಟು ಯಾವುದು ಬೇಕು ಎಂದು ಪರೀಕ್ಷೆ ಮಾಡಿದರು. ಮೀನು ನ್ಯಾಥಿಡ್‌ಗಿಂತ ಲೋಳೆಯನ್ನೇ ಮೆಚ್ಚಿತು.

ಆದರೆ ಲೋಳೆ ಕಚ್ಚಿದರೆ ಗಿರಾಕಿಗೆ ನೋವಾಗುತ್ತದೆ. ಅದು ಥಟ್ಟನೆ ಮೈ ಅದುರಿಸುತ್ತದೆ. ಹುಳ ತೆಗೆದಾಗ ಹೀಗೆ ಆಗುವುದು ಅಪರೂಪ. ಹಾಗಾಗಿ ನೀರಿನಡಿ ಕೂತು ನೋಡುವ ಸಂಶೋಧಕರಿಗೆ ಈ ಅದುರುವಿಕೆಯೇ ಅಳತೆಗೋಲು. ಎಷ್ಟು ಸಲ ಗಿರಾಕಿ ಬೆಚ್ಚಿತೋ ಅಷ್ಟು ಸಲ ಮೋಸ ಆಯಿತು ಎಂದು ಲೆಕ್ಕ.

ಈಗ ಗಿರಾಕಿಯ ಜಾಗದಲ್ಲಿ ನಿಂತು ಯೋಚಿಸಿ. ಬಂದಿರುವುದು ಹುಳ ತೆಗೆಸಿಕೊಳ್ಳಲು. ಎದುರಿಗಿರುವವನಿಗೆ ಬೇಕಿರುವುದು ನಿಮ್ಮ ಚರ್ಮದ ಮೇಲಿನ ಪದರ. ಇಬ್ಬರ ನಡುವೆ ಮಾತಿಲ್ಲ, ಕಾಗದ ಪತ್ರ ಇಲ್ಲ, ದೂರು ಕೊಡಲು ಯಾರೂ ಇಲ್ಲ. ಇಂಥ ಕಡೆ ಸಹಕಾರ ಹೇಗೆ ಉಳಿಯುತ್ತದೆ? ಜೀವವಿಜ್ಞಾನದಲ್ಲಿ ಇದು ಹಳೆಯ, ದೊಡ್ಡ ಪ್ರಶ್ನೆ. 1971ರಲ್ಲಿ ಜೀವವಿಜ್ಞಾನಿ ರಾಬರ್ಟ್ ಟ್ರಿವರ್ಸ್ ಒಂದಕ್ಕೊಂದು ಸಂಬಂಧವಿಲ್ಲದ ಜೀವಿಗಳು ಪರಸ್ಪರ ಉಪಕಾರ ಮಾಡಿಕೊಳ್ಳುವುದು ಹೇಗೆ ಸಾಧ್ಯ ಎಂದು ವಿವರಿಸುವಾಗ ಉದಾಹರಣೆಗೆ ಎತ್ತಿಕೊಂಡಿದ್ದು ಇಂಥ ಕ್ಲೀನರ್ ಮೀನುಗಳನ್ನೇ.

ಉತ್ತರ ಒಂದೇ ಅಲ್ಲ, ಗಿರಾಕಿ ಯಾರು ಎನ್ನುವುದರ ಮೇಲೆ ಬದಲಾಗುತ್ತದೆ. ನನಗೆ ಈ ಮೀನಿನ ಬಗ್ಗೆ ಗೌರವ ಹುಟ್ಟಿದ್ದು ಇಲ್ಲಿಯೇ.

ಗ್ರೂಪರ್‌ನಂಥ ಬೇಟೆಗಾರ ಮೀನಿನ ವಿಷಯ ಸುಲಭ. ಅದರ ಬಾಯಿಯ ಒಳಗೆ ನಿಂತು ಅದನ್ನು ಕಚ್ಚುವ ಧೈರ್ಯ ಯಾರಿಗಿದೆ? ಕ್ಲೀನರ್ ಮೀನು ಬೇಟೆಗಾರರಿಗೆ ಮೋಸ ಮಾಡುವುದು ತೀರಾ ಕಡಿಮೆ.

ಆದರೆ ಹೆಚ್ಚಿನ ಗಿರಾಕಿಗಳು ಬೇಟೆಗಾರರಲ್ಲ. ಪಾಚಿ ತಿನ್ನುವ, ಪ್ಲಾಂಕ್ಟನ್ ಎಂಬ ತೇಲುವ ಪುಟ್ಟ ಜೀವಿಗಳನ್ನು ತಿನ್ನುವ ಸಾಧು ಮೀನುಗಳು. ಅವು ಕ್ಲೀನರ್ ಮೀನನ್ನು ತಿನ್ನಲಾರವು. ಇವುಗಳಲ್ಲೂ ಎರಡು ಬಗೆ. ಕೆಲವಕ್ಕೆ ದೊಡ್ಡ ವಠಾರ ಇದೆ, ದಿಬ್ಬದ ತುಂಬ ಓಡಾಡುತ್ತವೆ, ದಾರಿಯಲ್ಲಿ ನಾಲ್ಕಾರು ಕ್ಲೀನರ್ ಮೀನುಗಳ ಠಿಕಾಣಿ ಸಿಗುತ್ತದೆ. ಒಂದು ಕಡೆ ಕಚ್ಚಿಸಿಕೊಂಡರೆ ಮುಂದಿನ ಸಲ ಇನ್ನೊಂದು ಕಡೆ ಹೋಗುತ್ತವೆ. ಕಾಯಿಸಿದರೂ ಅಷ್ಟೇ, ಹೊರಟುಹೋಗುತ್ತವೆ. ಇವು ಅಲೆಮಾರಿ ಗಿರಾಕಿಗಳು. ಇನ್ನು ಕೆಲವು ಪುಟ್ಟ ಮೀನುಗಳು ಒಂದೇ ಹವಳದ ಸುತ್ತ ಬದುಕುತ್ತವೆ. ಅವುಗಳ ಜಾಗದಲ್ಲಿ ಇರುವುದು ಒಂದೇ ಕ್ಲೀನರ್ ಅಂಗಡಿ. ಬಿಟ್ಟು ಹೋಗಲು ಬೇರೆ ಕಡೆ ಇಲ್ಲ. ಇವು ಊರಿನ ಗಿರಾಕಿಗಳು.

ಇಬ್ಬರೂ ಒಟ್ಟಿಗೆ ಬಂದರೆ ಕ್ಲೀನರ್ ಮೀನು ಯಾರನ್ನು ಮೊದಲು ನೋಡುತ್ತದೆ? ಅಲೆಮಾರಿಯನ್ನು. ಊರಿನ ಗಿರಾಕಿ ಕಾಯುತ್ತದೆ, ಕಾಯದೆ ಬೇರೆ ದಾರಿಯಿಲ್ಲ ಎಂದು ಕ್ಲೀನರ್‌ಗೆ ಗೊತ್ತಿದ್ದ ಹಾಗೆ. ಬ್ಶಾರಿ ಕೆಂಪು ಸಮುದ್ರದಲ್ಲಿ ಇದನ್ನು ಗಮನಿಸಿ 2001ರಲ್ಲಿ ಬರೆದರು. ಹಾಗಾದರೆ ಊರಿನ ಗಿರಾಕಿ ಅಸಹಾಯಕನೇ? ಪೂರ್ತಿ ಅಲ್ಲ. ಕಚ್ಚಿದರೆ ಅದು ಕ್ಲೀನರ್ ಮೀನನ್ನು ಅಟ್ಟಿಸಿಕೊಂಡು ಹೋಗುತ್ತದೆ. ಈ ಅಟ್ಟಾಟದಿಂದ ಕ್ಲೀನರ್‌ಗೆ ಗಾಯವೇನೂ ಆಗಬೇಕಿಲ್ಲ. ಓಡಿದ ಶ್ರಮ, ಕಳೆದ ಸಮಯ, ಕೈತಪ್ಪಿದ ಊಟ, ಇಷ್ಟೇ ಸಾಕು. ಮುಂದಿನ ಸಲ ಅದೇ ಗಿರಾಕಿಯ ಹತ್ತಿರ ಕ್ಲೀನರ್ ಮೀನು ಹುಷಾರಾಗಿ ನಡೆದುಕೊಳ್ಳುತ್ತದೆ.

ಒಂದಕ್ಕೆ ಹಲ್ಲಿನ ಬಲ, ಇನ್ನೊಂದಕ್ಕೆ ಬಿಟ್ಟುಹೋಗುವ ಬಲ, ಮತ್ತೊಂದಕ್ಕೆ ಅಟ್ಟುವ ಬಲ. ಕ್ಲೀನರ್ ಮೀನು ಈ ಮೂರನ್ನೂ ಬೇರೆ ಬೇರೆಯಾಗಿ ಗುರುತಿಸಿ ನಡೆದುಕೊಳ್ಳುತ್ತದೆ.

ತಟ್ಟೆಯ ಮೇಲಿನ ಸೀಗಡಿ

ಸಮುದ್ರದಲ್ಲಿ ನೋಡಿದ್ದನ್ನು ಖಚಿತ ಮಾಡಿಕೊಳ್ಳಲು ಪ್ರಯೋಗ ಬೇಕು. ಸಂಶೋಧಕರು ಮಾಡಿದ ಪ್ರಯೋಗ ನೋಡಲು ತೀರಾ ಸರಳ, ಆದರೆ ತುಂಬ ಜಾಣತನದ್ದು. ನಿಜವಾದ ಗಿರಾಕಿ ಮೀನಿನ ಬದಲು ಹಿಡಿಕೆ ಇರುವ ಒಂದು ಪ್ಲಾಸ್ಟಿಕ್ ತಟ್ಟೆಯನ್ನು ತೊಟ್ಟಿಯೊಳಗೆ ಇಳಿಸುತ್ತಾರೆ. ತಟ್ಟೆಯ ಮೇಲೆ ಎರಡು ಬಗೆಯ ತಿನಿಸು ಅಂಟಿಸಿರುತ್ತಾರೆ. ಒಂದು ಮೀನಿನ ಒಣ ಆಹಾರದ ಪುಡಿ, ಇನ್ನೊಂದು ಸೀಗಡಿಯ ಚೂರು. ಕ್ಲೀನರ್ ಮೀನಿಗೆ ಸೀಗಡಿಯೇ ಇಷ್ಟ. ಸೀಗಡಿ ಲೋಳೆಯ ಜಾಗದಲ್ಲಿ, ಪುಡಿ ಹುಳದ ಜಾಗದಲ್ಲಿ.

ನಿಯಮ ಇದು: ಪುಡಿ ತಿನ್ನುತ್ತಿರುವವರೆಗೂ ತಟ್ಟೆ ಅಲ್ಲೇ ಇರುತ್ತದೆ. ಸೀಗಡಿಗೆ ಬಾಯಿ ಹಾಕಿದ ಕ್ಷಣವೇ ತಟ್ಟೆಯನ್ನು ಎಳೆದುಬಿಡುತ್ತಾರೆ. ಕೆಲವೊಮ್ಮೆ ತಟ್ಟೆಯಿಂದಲೇ ಮೀನನ್ನು ಅಟ್ಟುತ್ತಾರೆ. ಮೊದಲನೆಯದು ಗಿರಾಕಿ ಬಿಟ್ಟು ಹೋದದ್ದಕ್ಕೆ ಸಮ, ಎರಡನೆಯದು ಗಿರಾಕಿ ಅಟ್ಟಿಸಿಕೊಂಡು ಬಂದದ್ದಕ್ಕೆ ಸಮ. ಮೀನುಗಳು ಕಲಿತವು. ಇಷ್ಟದ ಸೀಗಡಿಯನ್ನು ಕೊನೆಗೆ ಇಟ್ಟು, ಇಷ್ಟವಿಲ್ಲದ ಪುಡಿಯನ್ನು ಮೊದಲು ತಿನ್ನತೊಡಗಿದವು. ಸಿಕ್ಕಿದ ಕೂಡಲೇ ರುಚಿಯಾದದ್ದಕ್ಕೆ ಬಾಯಿ ಹಾಕುವುದು ಪ್ರಾಣಿಗಳ ಸಹಜ ಗುಣ. ಅದನ್ನು ಮೀರಿ ನಡೆಯುವುದು ಸಣ್ಣ ಮಾತಲ್ಲ.

ಇದೇ ತಟ್ಟೆಗಳನ್ನು ಇಟ್ಟುಕೊಂಡು ಅಲೆಮಾರಿ ಗಿರಾಕಿಯ ಆಟವನ್ನೂ ಆಡಿಸಿದರು. ಎರಡು ಬಣ್ಣದ ತಟ್ಟೆ, ಎರಡರಲ್ಲೂ ಒಂದೇ ಆಹಾರ. ಒಂದು ತಟ್ಟೆಯನ್ನು ಮೊದಲು ಮುಟ್ಟದಿದ್ದರೆ ಅದನ್ನು ತೆಗೆದುಬಿಡುತ್ತಾರೆ. ಇನ್ನೊಂದು ಎಷ್ಟು ಹೊತ್ತಾದರೂ ಕಾಯುತ್ತದೆ. ಓಡಿಹೋಗುವ ತಟ್ಟೆಯನ್ನು ಮೊದಲು ತಿಂದರೆ ಎರಡೂ ಸಿಗುತ್ತವೆ. 2012ರಲ್ಲಿ ಇದೇ ಒಗಟನ್ನು ಚಿಂಪಾಂಜಿ, ಒರಾಂಗುಟಾನ್, ಕಪುಚಿನ್ ಕೋತಿಗಳ ಮುಂದೂ ಇಟ್ಟರು. ಬೆಳೆದ ಕ್ಲೀನರ್ ಮೀನುಗಳು ಅವಕ್ಕಿಂತ ಚೆನ್ನಾಗಿ ಮಾಡಿದವು. ಚಿಂಪಾಂಜಿಗಳಲ್ಲಿ ಕೆಲವು ಮಾತ್ರ ಸಮೀಪ ಬಂದವು.

ಇದನ್ನು ಓದಿ ಮೀನು ಚಿಂಪಾಂಜಿಗಿಂತ ಬುದ್ಧಿವಂತ ಎಂದುಕೊಳ್ಳಬಾರದು. ಚಿಂಪಾಂಜಿಯ ಬದುಕಿನಲ್ಲಿ ಹಣ್ಣು ಎದ್ದು ನಡೆದುಹೋಗುವುದಿಲ್ಲ. ಕ್ಲೀನರ್ ಮೀನಿನ ಬದುಕಿನಲ್ಲಿ ಊಟ ಈಜಿಕೊಂಡು ಹೋಗಿಬಿಡುತ್ತದೆ, ದಿನಕ್ಕೆ ನೂರಾರು ಸಲ. ಆ ಒಗಟು ಮೀನಿನ ಮನೆಯ ಅಂಗಳದ್ದು. ಅದೇ ಪ್ರಯೋಗದಲ್ಲಿ ಕ್ಲೀನರ್ ಮರಿಗಳು ದೊಡ್ಡವುಗಳಷ್ಟು ಚೆನ್ನಾಗಿ ಮಾಡಲಿಲ್ಲ ಎನ್ನುವುದೂ ಮುಖ್ಯ. ಅನುಭವ ಬೇಕು ಎಂದಾಯಿತು.

ನೋಡುವವರಿದ್ದಾರೆ

ಒಂದು ಗಿರಾಕಿಯ ಮೈ ಸ್ವಚ್ಛವಾಗುತ್ತಿರುವಾಗ ಇನ್ನೊಂದು ಪಕ್ಕದಲ್ಲಿ ಕಾಯುತ್ತಿರುತ್ತದೆ. ಕಾಯುವ ಮೀನು ಸುಮ್ಮನೆ ಕಾಯುತ್ತದೆಯೇ, ಗಮನಿಸುತ್ತದೆಯೇ? ಗಮನಿಸುತ್ತದೆ. 2006ರ ಪ್ರಯೋಗದಲ್ಲಿ ಒಂದು ಗಿರಾಕಿ ಮೀನಿಗೆ ಎರಡು ಕ್ಲೀನರ್ ಮೀನುಗಳನ್ನು ತೋರಿಸಿದರು. ಒಂದು ಕ್ಲೀನರ್ ತನ್ನ ಎದುರಿನ ನಕಲಿ ಗಿರಾಕಿಯ ಮೈಯಲ್ಲಿ ಕೆಲಸ ಮಾಡುತ್ತಿತ್ತು, ಇನ್ನೊಂದು ಅದರ ಗೊಡವೆಗೇ ಹೋಗುತ್ತಿರಲಿಲ್ಲ. ನೋಡುತ್ತಿದ್ದ ಮೀನು ಹೆಚ್ಚು ಹೊತ್ತು ಕಳೆದದ್ದು ಕೆಲಸ ಮಾಡುವವನ ಬದಿಯಲ್ಲಿ.

ಕ್ಲೀನರ್ ಮೀನುಗಳೂ ತಮ್ಮನ್ನು ಯಾರೋ ನೋಡುತ್ತಿದ್ದಾರೆ ಎಂದಾಗ ಬದಲಾಗುತ್ತವೆ. ಪಕ್ಕದಲ್ಲಿ ಕಾಯುವ ಗಿರಾಕಿ ಇದ್ದರೆ ಕಚ್ಚುವುದು ಕಡಿಮೆಯಾಗುತ್ತದೆ. 2011ರಲ್ಲಿ ಇದು ಪ್ರಯೋಗದಲ್ಲೂ ಖಚಿತವಾಯಿತು. ಹೆಸರು ಕೆಡಿಸಿಕೊಳ್ಳದಿರುವುದು ಮನುಷ್ಯರ ಪಾಡು ಮಾತ್ರ ಎಂದು ತಿಳಿದಿದ್ದವರಿಗೆ ಇದು ದೊಡ್ಡ ಸುದ್ದಿಯೇ.

ಇನ್ನೊಂದು ಉಪಾಯವೂ ಅದಕ್ಕಿದೆ. ಕ್ಲೀನರ್ ಮೀನು ಗಿರಾಕಿಯ ಬೆನ್ನ ಮೇಲೆ ನಿಂತು ತನ್ನ ರೆಕ್ಕೆಗಳಿಂದ ಮೆಲ್ಲಗೆ ತೀಡುತ್ತದೆ. ಆ ಹೊತ್ತಿನಲ್ಲಿ ಅದು ಏನನ್ನೂ ತಿನ್ನುವುದಿಲ್ಲ, ಬಾಯಿ ಗಿರಾಕಿಯಿಂದ ದೂರ ಇರುತ್ತದೆ. ಕಚ್ಚಿಸಿಕೊಂಡು ಸಿಟ್ಟಾದ ಗಿರಾಕಿಯನ್ನು ಸಮಾಧಾನ ಮಾಡಲು, ಹೊರಟು ನಿಂತ ಗಿರಾಕಿಯನ್ನು ಉಳಿಸಿಕೊಳ್ಳಲು ಹೀಗೆ ಮಾಡುತ್ತದೆ. ಬೇಟೆಗಾರ ಮೀನುಗಳಿಗೆ ಈ ಸೇವೆ ಜಾಸ್ತಿ. ಈ ಸ್ಪರ್ಶದಿಂದ ಗಿರಾಕಿಗೆ ಏನಾದರೂ ಸಿಗುತ್ತದೆಯೇ ಎಂದು 2011ರಲ್ಲಿ ಒಂದು ತಂಡ ಪರೀಕ್ಷಿಸಿತು. ಸರ್ಜನ್‌ಫಿಷ್ ಇರುವ ತೊಟ್ಟಿಯಲ್ಲಿ ಕ್ಲೀನರ್ ಮೀನಿನ ಆಕಾರದ ಬೊಂಬೆ ಇಟ್ಟರು. ಕೆಲವು ತೊಟ್ಟಿಗಳಲ್ಲಿ ಬೊಂಬೆ ಅಲ್ಲಾಡುತ್ತಿತ್ತು, ಕೆಲವದರಲ್ಲಿ ಇಲ್ಲ. ಅಲ್ಲಾಡುವ ಬೊಂಬೆಗೆ ಹೋಗಿ ಮೈ ತಾಗಿಸಿಕೊಂಡ ಮೀನುಗಳ ರಕ್ತದಲ್ಲಿ ಕಾರ್ಟಿಸಾಲ್, ಅಂದರೆ ಒತ್ತಡದ ಹಾರ್ಮೋನು, ಕಡಿಮೆಯಾಗಿತ್ತು. ಬೊಂಬೆ ಹುಳ ತೆಗೆಯಲಿಲ್ಲ. ಬರೀ ಸ್ಪರ್ಶಕ್ಕೇ ಇಷ್ಟು ಪರಿಣಾಮ.

ಗಂಡ, ಹೆಂಡಿರು, ಮತ್ತು ಗಂಡಾಗುವ ಹೆಣ್ಣು

ಕ್ಲೀನರ್ ಮೀನಿನ ಸಂಸಾರ ನೋಡದೆ ಅದರ ಲೆಕ್ಕಾಚಾರ ಪೂರ್ತಿ ಅರ್ಥವಾಗುವುದಿಲ್ಲ. ಒಂದು ದೊಡ್ಡ ಗಂಡು, ಅದರ ಜೊತೆ ಕೆಲವು ಹೆಣ್ಣುಗಳು, ಹೀಗೆ ಗುಂಪು. ಹೆಣ್ಣುಗಳಲ್ಲೂ ಗಾತ್ರಕ್ಕೆ ತಕ್ಕಂತೆ ಮೇಲು ಕೆಳಗಿದೆ. ಹುಟ್ಟುವಾಗ ಎಲ್ಲವೂ ಹೆಣ್ಣಾಗಿಯೇ ಬೆಳೆಯುತ್ತವೆ. ಗಂಡು ಸತ್ತರೆ ಗುಂಪಿನ ಅತಿ ದೊಡ್ಡ ಹೆಣ್ಣು ಗಂಡಾಗುತ್ತದೆ.

1972ರಲ್ಲಿ ಡಿ. ಆರ್. ರಾಬರ್ಟ್‌ಸನ್ ಗ್ರೇಟ್ ಬ್ಯಾರಿಯರ್ ರೀಫ್‌ನ ಹೆರಾನ್ ದ್ವೀಪದಲ್ಲಿ ಇದನ್ನು ಗಮನಿಸಿ ವಿವರಿಸಿದರು. ಗಂಡನ್ನು ಗುಂಪಿನಿಂದ ತೆಗೆದ ಸುಮಾರು ಎರಡು ಗಂಟೆಯೊಳಗೆ ಹಿರಿಯ ಹೆಣ್ಣು ಗಂಡಿನ ಹಾಗೆ ಉಳಿದವರ ಮೇಲೆ ಏರಿಹೋಗತೊಡಗುತ್ತದೆ. ಕೆಲವೇ ದಿನಗಳಲ್ಲಿ ನಡವಳಿಕೆಯೆಲ್ಲ ಗಂಡಿನದ್ದು. ಎರಡು ವಾರ ಕಳೆಯುವಷ್ಟರಲ್ಲಿ ವೀರ್ಯವೂ ಸಿದ್ಧ. ಇದರ ಹಿಂದಿನ ಕಾರಣವೂ ತಿಳಿಯಾಗಿದೆ. ಗಂಡು ಇರುವಷ್ಟು ದಿನ ಅದರ ದಬ್ಬಾಳಿಕೆಯೇ ಹೆಣ್ಣು ಗಂಡಾಗದಂತೆ ತಡೆದಿರುತ್ತದೆ. ತಡೆ ಹೋಯಿತು, ಬದಲಾವಣೆ ಶುರು. ಉಲ್ಟಾ ಬದಲಾವಣೆಯೂ ಸಾಧ್ಯ. ಎರಡು ಗಂಡುಗಳನ್ನು ಮಾತ್ರ ಒಟ್ಟಿಗೆ ಬಿಟ್ಟಾಗ ಚಿಕ್ಕದು ಮತ್ತೆ ಹೆಣ್ಣಾದದ್ದನ್ನು ಜಪಾನಿನ ಸಂಶೋಧಕರು 2002ರಲ್ಲಿ ವರದಿ ಮಾಡಿದರು.

ಇದಕ್ಕೂ ಲೋಳೆ ಕಚ್ಚುವುದಕ್ಕೂ ಏನು ಸಂಬಂಧ? ಗಂಡು ಹೆಣ್ಣು ಎಷ್ಟೋ ಸಲ ಒಂದೇ ಗಿರಾಕಿಯನ್ನು ಜೊತೆಯಾಗಿ ಸ್ವಚ್ಛ ಮಾಡುತ್ತವೆ. ಇಬ್ಬರಲ್ಲಿ ಒಬ್ಬರು ಕಚ್ಚಿದರೂ ಗಿರಾಕಿ ಹೊರಟುಹೋಗುತ್ತದೆ. ಕಚ್ಚಿದವರಿಗೆ ಲೋಳೆ ಸಿಕ್ಕಿತು, ಇನ್ನೊಬ್ಬರಿಗೆ ಏನೂ ಇಲ್ಲ. ಹಾಗಾದರೆ ಇನ್ನೊಬ್ಬ ಕಚ್ಚುವ ಮೊದಲು ನಾನೇ ಕಚ್ಚಬೇಕು ಎಂದು ಇಬ್ಬರೂ ಪೈಪೋಟಿ ಮಾಡಬೇಕಿತ್ತು. ಆದರೆ 2008ರಲ್ಲಿ ಕಂಡದ್ದು ಬೇರೆ. ಜೋಡಿಯ ಕೆಲಸ ಒಬ್ಬರ ಕೆಲಸಕ್ಕಿಂತ ಉತ್ತಮವಾಗಿತ್ತು, ಮುಖ್ಯವಾಗಿ ಹೆಣ್ಣು ಹೆಚ್ಚು ಪ್ರಾಮಾಣಿಕವಾಗಿತ್ತು.

ಎರಡು ವರ್ಷದ ನಂತರ ಕಾರಣ ಹೊರಬಂತು. ಮತ್ತೆ ಅದೇ ತಟ್ಟೆಯ ಆಟ, ಈ ಸಲ ಗಂಡು ಹೆಣ್ಣು ಎರಡೂ ಒಂದೇ ತಟ್ಟೆಯಲ್ಲಿ. ಹೆಣ್ಣು ಸೀಗಡಿಗೆ ಬಾಯಿ ಹಾಕಿ ತಟ್ಟೆ ಹೊರಟುಹೋದರೆ, ಗಂಡು ಅವಳನ್ನು ಅಟ್ಟಾಡಿಸಿತು. ಅಟ್ಟಿಸಿಕೊಂಡ ಹೆಣ್ಣು ಮುಂದಿನ ಸುತ್ತಿನಲ್ಲಿ ಸೀಗಡಿ ತಿಂದದ್ದು ಕಡಿಮೆ. ಗಂಡು ಗಿರಾಕಿಯ ಪರವಾಗಿ ನ್ಯಾಯ ಕೇಳಿದ್ದಲ್ಲ, ತನ್ನ ಊಟ ತಪ್ಪಿದ್ದಕ್ಕೆ ಸಿಟ್ಟು. ಆದರೆ ಅದರಿಂದ ಗಿರಾಕಿಗೂ ಒಳ್ಳೆಯದಾಯಿತು.

2012ರ ಇನ್ನೊಂದು ಅಧ್ಯಯನ ಈ ಎಳೆಯನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಹೆಚ್ಚು ಊಟ ಕೊಡುವ ಗಿರಾಕಿಯನ್ನು ಹೆಣ್ಣು ಓಡಿಸಿದರೆ ಗಂಡಿನ ಶಿಕ್ಷೆ ಜಾಸ್ತಿ. ಹೆಣ್ಣಿನ ಗಾತ್ರ ತನ್ನ ಗಾತ್ರಕ್ಕೆ ಸಮೀಪ ಇದ್ದರೂ ಶಿಕ್ಷೆ ಜಾಸ್ತಿ. ಕದ್ದು ತಿಂದು ಕೊಬ್ಬಿ ಬೆಳೆದ ಹೆಣ್ಣು ನಾಳೆ ಗಂಡಾಗಿ ಎದುರು ನಿಲ್ಲಬಹುದು. ಅದಕ್ಕೇ ಹೀಗಿರಬಹುದು ಎನ್ನುತ್ತಾರೆ ಸಂಶೋಧಕರು. ಲಿಂಗ ಬದಲಾವಣೆ, ಸಂಸಾರದ ಜಗಳ, ಗಿರಾಕಿಯ ನಂಬಿಕೆ ಎಲ್ಲ ಒಂದೇ ಗಂಟಿಗೆ ಬಂದು ಸೇರುತ್ತವೆ.

ನಂಬಿಕೆ ಇದ್ದಲ್ಲಿ ಅದನ್ನು ದುರುಪಯೋಗ ಮಾಡುವವರೂ ಇರುತ್ತಾರೆ. ಆಸ್ಪಿಡಾಂಟಸ್ ಟೀನಿಯೇಟಸ್ ಎಂಬ ಬ್ಲೆನಿ ಜಾತಿಯ ಮೀನು ಕ್ಲೀನರ್ ಮೀನಿನ ಪಡಿಯಚ್ಚು. ಅದೇ ಗಾತ್ರ, ಅದೇ ನೀಲಿ, ಅದೇ ಕಪ್ಪು ಪಟ್ಟೆ. ಬಾಯಿ ನೋಡಿದರೆ ಗುರುತು ಸಿಗುತ್ತದೆ, ಅದು ತುಸು ಕೆಳಗಿರುತ್ತದೆ. ನಂಬಿ ಹತ್ತಿರ ಬಂದ ಮೀನಿನ ರೆಕ್ಕೆಯ ಚೂರು ಕಚ್ಚಿ ಓಡುತ್ತದೆ. ಆದರೆ ಅದರ ಮುಖ್ಯ ಊಟ ಬೇರೆ ಮೀನುಗಳ ಮೊಟ್ಟೆ, ಹುಳುಗಳ ಮೀಸೆ ಇತ್ಯಾದಿ. ರೆಕ್ಕೆ ಕಚ್ಚುವುದು ಹೆಚ್ಚಾಗಿ ಚಿಕ್ಕ ಬ್ಲೆನಿಗಳು.

ಕನ್ನಡಿಯ ಎದುರು

ಇಷ್ಟೆಲ್ಲ ಲೆಕ್ಕ ಇಡುವ ಮೀನಿಗೆ ತನ್ನ ಗುರುತು ತನಗಿದೆಯೇ? ಪ್ರಾಣಿಗಳಲ್ಲಿ ಇದನ್ನು ತಿಳಿಯಲು 1970ರಲ್ಲಿ ಗಾರ್ಡನ್ ಗ್ಯಾಲಪ್ ಒಂದು ಪರೀಕ್ಷೆ ರೂಪಿಸಿದರು. ಕನ್ನಡಿಯಲ್ಲಿ ಮಾತ್ರ ಕಾಣುವಂಥ ಜಾಗದಲ್ಲಿ ಒಂದು ಗುರುತು ಹಾಕಬೇಕು. ಕನ್ನಡಿ ನೋಡಿದ ಪ್ರಾಣಿ ತನ್ನ ಮೈಮೇಲಿನ ಗುರುತನ್ನು ಮುಟ್ಟಿ ನೋಡಿಕೊಂಡರೆ ಅದು ತನ್ನನ್ನು ಗುರುತಿಸಿತು ಎಂದು ಅರ್ಥ. ಚಿಂಪಾಂಜಿ ಗೆದ್ದಿತು. ನಂತರ ಗೆದ್ದ ಪ್ರಾಣಿಗಳ ಪಟ್ಟಿ ಚಿಕ್ಕದೇ.

2019ರಲ್ಲಿ ಜಪಾನಿನ ಮಾಸನೋರಿ ಕೊಹ್ಡಾ ಮತ್ತು ಜೊತೆಗಾರರು ಕ್ಲೀನರ್ ಮೀನಿನ ಮುಂದೆ ಕನ್ನಡಿ ಇಟ್ಟರು. ಮೊದಲ ದಿನಗಳಲ್ಲಿ ಮೀನು ಕನ್ನಡಿಯೊಳಗಿನ ಮೀನಿನ ಮೇಲೆ ಎರಗಿತು. ಆಮೇಲೆ ವಿಚಿತ್ರವಾಗಿ ಆಡತೊಡಗಿತು, ತಲೆಕೆಳಗಾಗಿ ಈಜುವುದು, ಕನ್ನಡಿಯ ಕಡೆ ಥಟ್ಟನೆ ನುಗ್ಗಿ ನಿಲ್ಲುವುದು. ಕೊನೆಗೆ ಸುಮ್ಮನೆ ನೋಡುತ್ತಾ ನಿಂತಿತು. ಆಗ ಅದರ ಗಂಟಲಿನ ಚರ್ಮದ ಕೆಳಗೆ ಹುಳದಂತೆ ಕಾಣುವ ಕಂದು ಚುಕ್ಕೆ ಹಾಕಿದರು. ಕನ್ನಡಿ ನೋಡಿದ ಮೀನು ತೊಟ್ಟಿಯ ತಳಕ್ಕೆ ಇಳಿದು ಗಂಟಲನ್ನು ನೆಲಕ್ಕೆ ಉಜ್ಜಿತು. ನಾಲ್ಕರಲ್ಲಿ ಮೂರು ಮೀನುಗಳು ಹೀಗೆ ಮಾಡಿದವು. ಬಣ್ಣವಿಲ್ಲದ ಗುರುತು ಹಾಕಿದಾಗ, ಅಥವಾ ಕನ್ನಡಿ ಇಲ್ಲದಾಗ, ಉಜ್ಜಲಿಲ್ಲ.

ಗ್ಯಾಲಪ್ ಸೇರಿದಂತೆ ಕೆಲವರು ಇದನ್ನು ಒಪ್ಪಲಿಲ್ಲ. ಕೊಹ್ಡಾ ತಂಡ ಇನ್ನೂ ಹೆಚ್ಚು ಮೀನುಗಳ ಮೇಲೆ ಪ್ರಯೋಗ ಮಾಡಿ 2022ರಲ್ಲಿ ಮತ್ತೆ ಪ್ರಕಟಿಸಿತು. ಗುರುತು ಹುಳದ ಹಾಗೆ ಕಂದಾಗಿದ್ದರೆ ಮೀನು ಉಜ್ಜಿಕೊಳ್ಳುತ್ತದೆ, ನೀಲಿಯೋ ಹಸಿರೋ ಆಗಿದ್ದರೆ ತಲೆಕೆಡಿಸಿಕೊಳ್ಳುವುದಿಲ್ಲ ಎಂದು ಅದರಲ್ಲಿ ಕಂಡಿತು. ನನ್ನ ಮಟ್ಟಿಗೆ ಈ ವಿವರವೇ ಹೆಚ್ಚು ಬೆಲೆಯದ್ದು. ಜೀವಮಾನವಿಡೀ ಬೇರೆಯವರ ಮೈಯಲ್ಲಿ ಕಂದು ಚುಕ್ಕೆ ಹುಡುಕುವ ಮೀನಿಗೆ ತನ್ನ ಮೈಮೇಲಿನ ಕಂದು ಚುಕ್ಕೆಯೇ ಮುಖ್ಯ. ಪರೀಕ್ಷೆ ಮಾಡುವವರು ಪ್ರಾಣಿಯ ಬದುಕಿಗೆ ಹೊಂದುವ ಪ್ರಶ್ನೆ ಕೇಳಬೇಕು.

ಇದು ಇಲ್ಲದ ದಿಬ್ಬ

ಕ್ಲೀನರ್ ಮೀನು ಇಲ್ಲದಿದ್ದರೆ ಏನಾಗುತ್ತದೆ ಎಂದು ತಿಳಿಯಲು ಲಿಜರ್ಡ್ ದ್ವೀಪದಲ್ಲಿ ಬಹಳ ತಾಳ್ಮೆಯ ಒಂದು ಪ್ರಯೋಗ ನಡೆಯಿತು. ಕೆ‍ಲವು ಸಣ್ಣ ದಿಬ್ಬಗಳಿಂದ ಕ್ಲೀನರ್ ಮೀನುಗಳನ್ನು ತೆಗೆದು, ಮತ್ತೆ ಬಂದರೆ ಮತ್ತೆ ತೆಗೆದು, 8.5 ವರ್ಷ ಹಾಗೇ ಇಟ್ಟರು. 2011ರಲ್ಲಿ ಫಲಿತಾಂಶ ಬಂತು. ಆ ದಿಬ್ಬಗಳಲ್ಲಿ ನೆಲೆನಿಂತ ಮೀನುಗಳ ಸಂಖ್ಯೆ 37 ಶೇಕಡಾ ಕಡಿಮೆ, ಜಾತಿಗಳ ಸಂಖ್ಯೆ 23 ಶೇಕಡಾ ಕಡಿಮೆ. ಉಳಿದಿದ್ದ ಡ್ಯಾಮ್ಸೆಲ್ ಮೀನುಗಳ ಗಾತ್ರವೂ ಚಿಕ್ಕದು. ಬೆರಳುದ್ದದ ಒಂದು ಜಾತಿ ಇಲ್ಲವಾದರೆ ಇಡೀ ದಿಬ್ಬ ಬಡವಾಗುತ್ತದೆ.

ಹಾಗಿದ್ದರೂ ಅಕ್ವೇರಿಯಂ ಮಾರಾಟಕ್ಕೆಂದು ಈ ಮೀನನ್ನು ಸಮುದ್ರದಿಂದ ಹಿಡಿಯುವುದು ನಡೆದೇ ಇದೆ. ಬಣ್ಣ ಚೆಂದ, ಬೇರೆ ಮೀನುಗಳ ಹುಳ ತೆಗೆಯುತ್ತದೆ ಎಂಬ ಆಸೆ ಬೇರೆ. ಮನೆಯ ತೊಟ್ಟಿಯಲ್ಲಿ ಇರುವುದು ಹತ್ತಾರು ಮೀನು. ದಿನಕ್ಕೆ ಎರಡು ಸಾವಿರ ಸಲ ಮೈ ತಪಾಸಣೆ ಮಾಡುವ ಜೀವಕ್ಕೆ ಅಲ್ಲಿ ಊಟ ಎಲ್ಲಿಂದ ಬರಬೇಕು? ಹಾಕಿದ ಆಹಾರ ತಿನ್ನಲು ಕಲಿಯದ ಮೀನು ಹಸಿದು ಸಾಯುತ್ತದೆ. ಇದನ್ನು ಕೊಳ್ಳದಿರುವುದೇ ಸರಿ ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ.

ಸಮುದ್ರವೂ ಬಿಸಿಯಾಗುತ್ತಿದೆ. ಲಿಜರ್ಡ್ ದ್ವೀಪಕ್ಕೆ 2014 ಮತ್ತು 2015ರಲ್ಲಿ ಚಂಡಮಾರುತ ಬಡಿಯಿತು. 2016ರಲ್ಲಿ ನೀರಿನ ಉಷ್ಣತೆ ಏರಿ ಹವಳಗಳು ಬಿಳಿಚಿಕೊಂಡವು. ಆಮೇಲೆ ಎಣಿಸಿದಾಗ ಕ್ಲೀನರ್ ಮೀನುಗಳ ಸಂಖ್ಯೆ ಸುಮಾರು 80 ಶೇಕಡಾ ಇಳಿದಿತ್ತು. ಉಳಿದ ಮೀನುಗಳ ಮುಂದೆ ಸಂಶೋಧಕರು ಅದೇ ಹಳೆಯ ತಟ್ಟೆಯ ಪರೀಕ್ಷೆಗಳನ್ನು ಇಟ್ಟರು. ಮೊದಲು ಅದೇ ಜಾಗದ ಮೀನುಗಳು ಸುಲಭವಾಗಿ ಬಿಡಿಸುತ್ತಿದ್ದ ಒಗಟುಗಳು ಅವು. ಓಡಿಹೋಗುವ ತಟ್ಟೆಯನ್ನು ಮೊದಲು ತಿನ್ನುವುದನ್ನು ಹೆಚ್ಚಿನವು ಕಲಿಯಲಿಲ್ಲ. ಪಕ್ಕದಲ್ಲಿ ನೋಡುವವರಿದ್ದಾಗ ಹುಷಾರಾಗಿರುವುದನ್ನೂ ಕಲಿಯಲಿಲ್ಲ. ಪೈಪೋಟಿಗೆ ಬೇರೆ ಕ್ಲೀನರ್‌ಗಳೂ ಇಲ್ಲ, ಕಾಯುವ ಗಿರಾಕಿಗಳ ಸಾಲೂ ಇಲ್ಲ. ಎದುರಿಗಿದ್ದವರನ್ನು ಮೆಚ್ಚಿಸುವ ಅಗತ್ಯವೇ ಅವುಗಳ ಬದುಕಿನಲ್ಲಿ ಕಡಿಮೆಯಾಗಿತ್ತು.